ಕಡಲಿನ ಅಸಲು, ಕಡಲಿನ ಬಡ್ಡಿ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ನಾನು ತುಸು ಹಿಂಜರಿದೆ. ವೈದ್ಯಮಿತ್ರರು ಹೃದಯ, ರಕ್ತದೊತ್ತಡ, ಮಧುಮೇಹಗಳ ಬಗೆಗೆ ಅಧಿಕಾರವಾಣಿಯಿಂದ ಬರೆಯುವ ಪುಟಗಳ ನಡುವೆ ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನ ಖಾತೆಪುಸ್ತಕಗಳ ನಡುವೆ ಬೆಳೆದವನಿಗೆ ಏನು ಕೆಲಸ? ಆದರೆ ಅದೇ ವೈದ್ಯಮಿತ್ರರು ನಮಗೆ ನೀಡುವ ಸಲಹೆಗಳಲ್ಲಿ ಒಂದು, ವಾರಕ್ಕೆ ಎರಡು ಸಲವಾದರೂ ಮೀನು ತಿನ್ನಿರಿ ಎಂಬುದು. ಬೂತಾಯಿ, ಬಂಗುಡೆಗಳಂತಹ ಎಣ್ಣೆಯಂಶವುಳ್ಳ ಮೀನುಗಳಲ್ಲಿ ಹೃದಯಕ್ಕೆ ಹಿತವಾದ ಒಮೇಗಾ-3 ಮೇದಾಮ್ಲಗಳಿವೆ, 'ಡಿ' ಜೀವಸತ್ವವಿದೆ. ಬೂತಾಯಿಯನ್ನು ಮುಳ್ಳುಸಹಿತ ತಿನ್ನುವವರಿಗೆ ಸುಣ್ಣದಂಶವೂ ದೊರೆಯುತ್ತದೆ. ಸಣ್ಣ ಆಯುಷ್ಯದ ಈ ಮೀನುಗಳ ಮೈಯಲ್ಲಿ ದೊಡ್ಡ ಬೇಟೆಮೀನುಗಳಲ್ಲಿರುವಷ್ಟು ಪಾದರಸ ಸಂಗ್ರಹವಾಗುವುದೂ ಇಲ್ಲ. ಬಡವರ ಮೀನೆಂದು ಹೆಸರಾದುದೇ ವೈದ್ಯರ ದೃಷ್ಟಿಯಲ್ಲಿ ಶ್ರೀಮಂತ ಮೀನು. ಒಣಮೀನನ್ನು ಮಾತ್ರ ರಕ್ತದೊತ್ತಡವುಳ್ಳವರು ಉಪ್ಪಿನ ಕಾರಣದಿಂದ ಮಿತವಾಗಿ ಬಳಸಬೇಕು. ಆರೋಗ್ಯದ ವಿಚಾರವಾಗಿ ನಾನು ಹೇಳಬಹುದಾದುದು ಇಷ್ಟೇ. ಆ ಮೀನು ನಾಳೆಯೂ ತಟ್ಟೆಗೆ ಬರುವುದೇ ಎಂಬುದು ಲೆಕ್ಕದ ಪ್ರಶ್ನೆ. ಆ ಲೆಕ್ಕವನ್ನು ನೋಡುವ ಅಧಿಕಾರ ನನಗೂ ಸ್ವಲ್ಪ ಇದೆಯೆಂದು ಭಾವಿಸಿದ್ದೇನೆ.

ಮುಂಬಯಿಯ ಮೀನುಪೇಟೆಗಳಲ್ಲಿ ನಮ್ಮ ಹಿರಿಯರ ಒಂದು ದೂರು ಸದಾ ಕೇಳಿಬರುತ್ತದೆ: "ಬಂಗುಡೆ ಈಗ ಮೊದಲಿನ ಹಾಗಿಲ್ಲ ಮಾರಾಯರೆ, ಬೂತಾಯಿಯಂತೂ ಕಿರುಬೆರಳಿನಷ್ಟು." ಇದನ್ನು ಊರಿನ ನೆನಪಿನ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. ಕೇರಳದ ಕರಾವಳಿಯಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದೊರೆತಿತ್ತು. 2021ರಲ್ಲಿ ದೊರೆತುದು 3,297 ಟನ್. ಅಂದರೆ ನೂರು ಬುಟ್ಟಿ ಇದ್ದಲ್ಲಿ ಒಂದು ಬುಟ್ಟಿಯೂ ಉಳಿಯಲಿಲ್ಲ. ಕೊಚ್ಚಿಯಲ್ಲಿ ಕೇಂದ್ರ ಕಾರ್ಯಾಲಯವುಳ್ಳ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕವಿದು. ಮರುವರ್ಷವೇ ಮೀನು ಮತ್ತೆ ಒಂದು ಲಕ್ಷ ಟನ್ನಿನ ಗಡಿ ದಾಟಿತೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಇಲ್ಲವಾದರೆ ಲೆಕ್ಕದ ಒಂದೇ ಪುಟ ತೋರಿಸಿದಂತಾಗುತ್ತದೆ. ಬೂತಾಯಿ ಮೊದಲಿನಿಂದಲೂ ಚಂಚಲ ಮೀನು. ಮುಂಗಾರಿನಲ್ಲಿ ಕಡಲ ತಳದ ತಣ್ಣನೆಯ ಸತ್ವಯುತ ನೀರು ಮೇಲಕ್ಕೆ ಬರುವುದು, ಅದರಿಂದ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಬೆಳೆಯುವುದು, ಅವನ್ನುಂಡು ಬೂತಾಯಿಯ ಮರಿಗಳು ಬಲಿಯುವುದು — ಈ ಸರಪಣಿಯ ಒಂದು ಕೊಂಡಿ ಕಳಚಿದರೂ ಆ ವರ್ಷದ ಫಸಲು ಹೋಯಿತು. ಎಲ್ ನಿನೋ ವರ್ಷಗಳಲ್ಲಿ ಹಾಗಾಗುವುದುಂಟು. ಆದ್ದರಿಂದ ಎಲ್ಲ ಅಪರಾಧವನ್ನೂ ಬಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಪ್ರಕೃತಿಯೇ ಕೈಹಿಡಿಯದ ವರ್ಷದಲ್ಲಿ ಮನುಷ್ಯನೂ ಮರಿಗಳನ್ನು ಬಾಚಿದರೆ ಚೇತರಿಕೆಗೆ ಆಧಾರವೇ ಉಳಿಯುವುದಿಲ್ಲ.

ಇಲ್ಲಿ ನನ್ನ ವೃತ್ತಿಯ ಒಂದು ದೃಷ್ಟಾಂತವನ್ನು ವಾಚಕರು ಸಹಿಸಿಕೊಳ್ಳಬೇಕು. ಒಬ್ಬನು ಶೇಕಡಾ 7ರ ಬಡ್ಡಿಗೆ ಒಂದು ಲಕ್ಷ ರೂಪಾಯಿ ಇಟ್ಟಿದ್ದಾನೆ. ವರ್ಷಕ್ಕೆ 7,000 ರೂಪಾಯಿ ತೆಗೆದುಕೊಂಡರೆ ಅವನ ಮೊಮ್ಮಕ್ಕಳಿಗೂ ಆ ಲಕ್ಷ ಹಾಗೆಯೇ ಇರುತ್ತದೆ. ಅವನು ಆಸೆಪಟ್ಟು ವರ್ಷಕ್ಕೆ 10,000 ತೆಗೆಯತೊಡಗಿದನೆನ್ನಿ. ಮೊದಲ ವರ್ಷ ಅಸಲಿನಲ್ಲಿ ಕಡಿಮೆಯಾಗುವುದು ಮೂರೇ ಸಾವಿರ, ಯಾರಿಗೂ ಗಾಬರಿಯಾಗುವುದಿಲ್ಲ. ಹತ್ತು ವರ್ಷ ಕಳೆದಾಗಲೂ 58,500ರಷ್ಟು ಉಳಿದಿರುತ್ತದೆ. ಪ್ರತಿವರ್ಷ 10,000 ಕೈಗೆ ಬಂದೇ ಬಂದಿರುತ್ತದೆ. ಆಮೇಲೆ ಇಳಿಜಾರು ಕಡಿದಾಗುತ್ತದೆ. ಹದಿನೆಂಟನೆಯ ವರ್ಷ ಪೂರ್ಣ ಹತ್ತು ಸಾವಿರ ಕೊಡಲು ಖಾತೆಯಲ್ಲಿ ಹಣವಿರುವುದಿಲ್ಲ. ಹದಿನೇಳು ವರ್ಷ ಒಂದೇ ಸಮನೆ ಆದಾಯ, ಅನಂತರ ಏಕಾಏಕಿ ಬರಿಗೈ! ಮೀನುಗಾರಿಕೆಯ ಅಂಕಿ-ಅಂಶಗಳು ಅನೇಕ ದೇಶಗಳಲ್ಲಿ ಹೀಗೆಯೇ ಮೋಸಗೊಳಿಸಿವೆ. ಬಲೆ ತುಂಬಿ ಬರುತ್ತಿರುವವರೆಗೆ ಅದರಲ್ಲಿ ಬಡ್ಡಿಯೆಷ್ಟು, ಅಸಲೆಷ್ಟು ಎಂದು ಮೀನಿನ ಮೇಲೆ ಬರೆದಿರುವುದಿಲ್ಲ.

ದೃಷ್ಟಾಂತವೆಂದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಬ್ಯಾಂಕಿನ ಠೇವಣಿ ಎಷ್ಟು ದೊಡ್ಡದೋ ಬಡ್ಡಿಯೂ ಅಷ್ಟು ದೊಡ್ಡದು. ಕಡಲಿನ ಲೆಕ್ಕ ಹಾಗಲ್ಲ. ಯಾರೂ ಮುಟ್ಟದ ಸಮುದ್ರದಲ್ಲಿ ಹುಟ್ಟಿದಷ್ಟೇ ಮೀನು ಸಾಯುತ್ತವೆ. ಅಲ್ಲಿ ನಿವ್ವಳ ಬಡ್ಡಿ ಶೂನ್ಯ. ಸ್ವಲ್ಪ ಹಿಡಿದಾಗ ಉಳಿದವಕ್ಕೆ ಆಹಾರವೂ ಅವಕಾಶವೂ ಹೆಚ್ಚಿ ವಂಶ ಬೇಗ ಬೆಳೆಯುತ್ತದೆ. ಆದುದರಿಂದ ಹಿಡಿಯಲೇಬಾರದೆನ್ನುವುದು ಎಷ್ಟು ತಪ್ಪೋ ಎಷ್ಟಾದರೂ ಹಿಡಿಯಬಹುದೆನ್ನುವುದೂ ಅಷ್ಟೇ ತಪ್ಪು. ನಡುವೆ ಎಲ್ಲಿಯೋ ಒಂದು ಮಟ್ಟದಲ್ಲಿ ಕಡಲು ಅತ್ಯಧಿಕ ಬಡ್ಡಿ ಕೊಡುತ್ತದೆ. ಆ ಮಟ್ಟವನ್ನು ಕಂಡುಹಿಡಿಯುವುದು ವಿಜ್ಞಾನಿಯ ಕೆಲಸ; ಅಲ್ಲಿ ನಿಲ್ಲುವುದು ಮೀನುಗಾರನ, ಸರಕಾರದ, ಸಾಲ ಕೊಡುವವನ, ಕೊಳ್ಳುವವನ ಕೆಲಸ. ಮೊದಲನೆಯದು ಕಷ್ಟ, ಎರಡನೆಯದು ಅದಕ್ಕಿಂತ ಕಷ್ಟ.

ನಮ್ಮ ಕರಾವಳಿಯಲ್ಲಿ ಹಿಂದೆ ಈ 'ನಿಲ್ಲುವ' ಕೆಲಸವನ್ನು ಬಹುಮಟ್ಟಿಗೆ ಬಲೆಯೇ ಮಾಡುತ್ತಿತ್ತು. ಸಂಘದ ಹಿರಿಯ ಸದಸ್ಯರಲ್ಲಿ ಕೆಲವರು ರಂಪಣಿಯನ್ನು ಕಣ್ಣಾರೆ ಕಂಡಿರಬಹುದು, ಕಿರಿಯರಿಗಾಗಿ ವಿವರಿಸುತ್ತೇನೆ. ರಂಪಣಿಯೆಂದರೆ ದಡದಿಂದ ಎಳೆಯುವ ಬೃಹತ್ತಾದ ಬಲೆ. ಬಂಗುಡೆಯದೋ ಬೂತಾಯಿಯದೋ ಹಿಂಡು ದಡದ ಸಮೀಪಕ್ಕೆ ಬಂದುದನ್ನು ನೀರಿನ ಬಣ್ಣದಿಂದ, ಹಕ್ಕಿಗಳ ಹಾರಾಟದಿಂದ ಗುರುತಿಸುತ್ತಿದ್ದರು. ದೋಣಿಯು ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಹಿಂಡಿನ ಹಿಂದಿನಿಂದ ಅರ್ಧಚಂದ್ರಾಕಾರವಾಗಿ ಸುತ್ತಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡ ಸೇರಿಸುತ್ತಿತ್ತು. ಆಮೇಲೆ ಎರಡೂ ಕಡೆ ನಿಂತು ಎಂಬತ್ತು, ನೂರು ಜನ ಹಗ್ಗ ಎಳೆಯಬೇಕು. ಅಷ್ಟು ದೊಡ್ಡ ಬಲೆಯನ್ನು ಒಬ್ಬನೇ ಮಾಡಿಸಲಾರ. ಹಲವು ಮನೆಗಳವರು ಸೇರಿ, ತಮ್ಮ ತಮ್ಮ ಬಲೆಯ ತುಂಡುಗಳನ್ನು ಜೋಡಿಸಿ, ಒಂದು ಕೂಟ ಕಟ್ಟಿಕೊಂಡು ಪಾಲು ಹಂಚಿಕೊಳ್ಳುತ್ತಿದ್ದರು. ನೋಂದಣಿಯಿಲ್ಲದ ಸಹಕಾರ ಸಂಘವೆಂದೇ ಇದನ್ನು ಕರೆಯಬಹುದು. ತಂಟೆ ತಕರಾರುಗಳನ್ನು ಊರಿನ ಗುರಿಕಾರರು ಬಗೆಹರಿಸುತ್ತಿದ್ದರು.

ರಂಪಣಿಯ ಒಂದು ಗುಣವನ್ನು ಗಮನಿಸಬೇಕು. ಅದು ಮೀನನ್ನು ಅಟ್ಟಿಕೊಂಡು ಹೋಗುತ್ತಿರಲಿಲ್ಲ. ಮೀನು ತಾನಾಗಿ ದಡಕ್ಕೆ ಬರುವವರೆಗೆ ಕಾಯುತ್ತಿತ್ತು. ದಡಕ್ಕೆ ಬಾರದ ಮೀನು ಕಡಲಿನ ಅಸಲಾಗಿ ಉಳಿಯುತ್ತಿತ್ತು. ಇದು ಯಾರೋ ಕುಳಿತು ಯೋಚಿಸಿ ಮಾಡಿದ ಸಂರಕ್ಷಣೆಯಲ್ಲ, ತೋಳ್ಬಲದ ಮಿತಿಯಷ್ಟೇ. ಹಳೆಯದೆಲ್ಲವೂ ವಿವೇಕವೆಂದು ಹಾಡಿಹೊಗಳುವ ಅಭ್ಯಾಸ ನನಗಿಲ್ಲ. ಮರಿಮೀನಿನ ವಿಚಾರದಲ್ಲಿ ಹಳಬರೂ ನಿಷ್ಪಾಪಿಗಳಲ್ಲ. ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1943ರಲ್ಲಿಯೇ, ಪಶ್ಚಿಮ ಕರಾವಳಿಯಲ್ಲಿ ಬೂತಾಯಿ ಕುಸಿದುದನ್ನು ಕಂಡು ಮದ್ರಾಸು ಸರಕಾರವು ಕೆಲವು ಬಲೆಗಳ ಮೇಲೂ ಮರಿಗಳನ್ನು ಹಿಡಿಯುವುದರ ಮೇಲೂ ನಿರ್ಬಂಧ ಹಾಕಿತ್ತು. ಜಾರಿಗೆ ತರುವುದು ಸಾಧ್ಯವಾಗದೆ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು.

ಆಮೇಲೆ ಬಂದುದು ಯಂತ್ರಯುಗ. 1953ರಲ್ಲಿ ಕೇರಳದಲ್ಲಿ ಆರಂಭವಾದ ಭಾರತ-ನಾರ್ವೆ ಯೋಜನೆಯು ಯಾಂತ್ರಿಕ ದೋಣಿಗಳಿಗೆ ದಾರಿ ತೆರೆಯಿತು. ವಿದೇಶದಲ್ಲಿ ಸಿಗಡಿಗೆ ಬೇಡಿಕೆ ಬೆಳೆದಂತೆ ಟ್ರಾಲ್ ಬೋಟುಗಳು ಪಶ್ಚಿಮ ಕರಾವಳಿಯುದ್ದಕ್ಕೂ ಹಬ್ಬಿದವು. ಟ್ರಾಲ್ ಬಲೆಯೆಂದರೆ ಕಡಲ ತಳವನ್ನು ಗುಡಿಸುತ್ತ ಸಾಗುವ ಚೀಲ. ಸಿಗಡಿಗೆಂದು ಬೀಸಿದ ಆ ಚೀಲದಲ್ಲಿ ಬೇಕಾದುದು ಬೇಡವಾದುದು ಎಲ್ಲವೂ ಬಂದು ಬೀಳುತ್ತದೆ. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂತು. ಹಿಂಡನ್ನು ನಡುಗಡಲಿನಲ್ಲಿಯೇ ವೃತ್ತಾಕಾರವಾಗಿ ಸುತ್ತುವರಿದು, ಬಲೆಯ ಅಡಿಯಂಚಿನ ಬಳೆಗಳಲ್ಲಿ ಹಾಯಿಸಿದ ಹಗ್ಗವನ್ನು ಎಳೆದರೆ ಹಣದ ಥೈಲಿಯ ಬಾಯಿ ಮುಚ್ಚಿದಂತೆ ತಳ ಮುಚ್ಚಿಕೊಳ್ಳುತ್ತದೆ. ಇಪ್ಪತ್ತು, ಇಪ್ಪತ್ತೈದು ಜನ ಒಂದು ಬೋಟಿನಲ್ಲಿ ಹೋಗಿ ನೂರು ಜನರ ರಂಪಣಿಗಿಂತ ಹೆಚ್ಚು ಮೀನು ತರಬಲ್ಲವರಾದರು. ದಡಕ್ಕೆ ಬರುವ ಮೊದಲೇ ಹಿಂಡು ಬಲೆಗೆ ಬಿದ್ದ ಮೇಲೆ ದಡದಲ್ಲಿ ಕಾಯುವವನಿಗೆ ಉಳಿಯುವುದೇನು? ಆ ದಶಕದ ಕೊನೆಯ ವರ್ಷಗಳಲ್ಲಿ ಕರಾವಳಿಯಲ್ಲಿ ಘರ್ಷಣೆಗಳಾದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮಾಯವಾದವು; ಇಂದು ಕಾಣುವುದು ಅದರ ಚಿಕ್ಕ ರೂಪವಾದ ಕೈರಂಪಣಿ ಮಾತ್ರ. ಎಷ್ಟೋ ರಂಪಣಿ ಪಾಲುದಾರರೇ ಪರ್ಸೀನ್ ಬೋಟುಗಳಲ್ಲಿ ಪಾಲು ಹಿಡಿದರು. ಪಾಲು ದೊರೆಯದವರು ಬೇರೆ ದಾರಿ ನೋಡಿದರು. ಆ ದಾರಿಗಳಲ್ಲಿ ಒಂದು ಮುಂಬಯಿಗೂ ಬಂದಿದೆಯೆಂಬುದನ್ನು ಈ ಸಭಾಂಗಣದಲ್ಲಿ ಕೂಡುವವರಿಗೆ ನಾನು ಹೇಳಬೇಕಾಗಿಲ್ಲ.

ಕಾನೂನು ಬಂದುದು ಅನಂತರ. ಕೇರಳದಲ್ಲಿ 1980ರಲ್ಲಿ, ಮಹಾರಾಷ್ಟ್ರದಲ್ಲಿ 1981ರಲ್ಲಿ, ಕರ್ನಾಟಕದಲ್ಲಿ 1986ರಲ್ಲಿ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆಗಳಾದವು. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರಿನವರೆಗಿನ ಕಡಲಿನಲ್ಲಿ ಮೀನುಗಾರಿಕೆಯ ನಿಯಂತ್ರಣ ರಾಜ್ಯಗಳದು. ಅದರಾಚೆ 200 ನಾಟಿಕಲ್ ಮೈಲಿನವರೆಗೆ ಕೇಂದ್ರದ್ದು. ಕರ್ನಾಟಕದ ಕಾಯಿದೆಯ ಪ್ರಕಾರ ದಡದ ಸಮೀಪದ 6 ಕಿಲೋಮೀಟರು ನಾಡದೋಣಿಗಳಿಗೆ ಮೀಸಲು. ಮಳೆಗಾಲದ ನಿಷೇಧವು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳು. 2015ಕ್ಕೆ ಮುಂಚೆ ಇದು 47 ದಿನಗಳಷ್ಟಿತ್ತು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನಿನ ನಾಡದೋಣಿಗಳಿಗೆ ವಿನಾಯಿತಿಯಿದೆ. ರಾತ್ರಿ ಪ್ರಖರವಾದ ಎಲ್‌ಇಡಿ ದೀಪಗಳನ್ನು ನೀರಿಗೆ ತೋರಿ ಮೀನನ್ನು ಆಕರ್ಷಿಸಿ ಹಿಡಿಯುವುದನ್ನೂ, ಎರಡು ಬೋಟುಗಳು ಜೋಡಿಯಾಗಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರವು 2017ರ ನವೆಂಬರಿನಲ್ಲಿ ನಿಷೇಧಿಸಿತು. ಕಾಗದದ ಮೇಲೆ ಇವೆಲ್ಲ ಒಳ್ಳೆಯವು. ಆದರೆ ಕಡಲಿನಲ್ಲಿ ಗೆರೆ ಎಳೆದಿಲ್ಲ. ಆರನೆಯ ಕಿಲೋಮೀಟರು ಎಲ್ಲಿ ಮುಗಿಯಿತೆಂದು ಕತ್ತಲಲ್ಲಿ ನೋಡುವವರು ಯಾರು?

ಮಳೆಗಾಲದಲ್ಲಿ ಕಡಲಿಗಿಳಿಯದಿರುವುದು ನಮಗೇನೂ ಹೊಸತಲ್ಲ. ನೂಲ ಹುಣ್ಣಿಮೆಯ ಸುಮಾರಿಗೆ ಸಮುದ್ರಪೂಜೆ ಮಾಡಿ ಹಾಲು ಹೂವು ಅರ್ಪಿಸಿದ ಮೇಲೆಯೇ ನಮ್ಮ ಊರುಗಳಲ್ಲಿ ಬಲೆ ಹೊರಡುತ್ತಿತ್ತು. ಇಲ್ಲಿಯ ಕೋಳಿ ಜನರೂ ಅದೇ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಬೂತಾಯಿ ಮೊಟ್ಟೆಯಿಡುವುದು ಮುಖ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿಯೇ. ಅಬ್ಬರದ ಅಲೆಗಳಿಗೆ ಹೆದರಿ ನಿಂತವರು ಗರ್ಭಿಣಿ ಮೀನಿಗೂ ಉಪಕಾರ ಮಾಡಿದಂತಾಯಿತು.

ಇನ್ನು ನನ್ನ ಸ್ವಂತ ಕಸುಬಿನ ಮಾತು. ನಾನು ಅಧಿಕಾರಿಯಾಗಿ ಸೇರಿದ ಆರಂಭದ ವರ್ಷಗಳಲ್ಲಿ ಕರಾವಳಿಯ ಒಂದು ಶಾಖೆಯಲ್ಲಿದ್ದೆ. ಬೋಟು ಸಾಲದ ಅರ್ಜಿಗಳು ಮೇಜಿಗೆ ಬರುತ್ತಿದ್ದವು. ಬೋಟಿನ ಉದ್ದ, ಎಂಜಿನಿನ ಅಶ್ವಶಕ್ತಿ, ಬಲೆಯ ಬೆಲೆ, ಡೀಸೆಲಿನ ಖರ್ಚು, ಜಾಮೀನುದಾರನ ಆಸ್ತಿ, ವಿಮೆ ಎಲ್ಲಕ್ಕೂ ಅರ್ಜಿಯಲ್ಲಿ ಅಂಕಣವಿತ್ತು. ಆ ಬಂದರಿನಲ್ಲಿ ಈಗಾಗಲೇ ಎಷ್ಟು ಬೋಟುಗಳಿವೆ, ಕಡಲಿನಲ್ಲಿ ಇನ್ನೊಂದಕ್ಕೆ ಸಾಕಾಗುವಷ್ಟು ಮೀನಿದೆಯೇ ಎಂಬುದಕ್ಕೆ ಅಂಕಣವಿರಲಿಲ್ಲ. ನೂಲಿನ ಗಿರಣಿಗೆ ಸಾಲ ಕೊಡುವಾಗ ಹತ್ತಿ ಎಲ್ಲಿಂದ ಬರುತ್ತದೆಂದು ಕೇಳದ ಬ್ಯಾಂಕರನುಂಟೇ? ಬೋಟಿನ ವಿಷಯದಲ್ಲಿ ಮಾತ್ರ ಕಚ್ಚಾವಸ್ತು ಅನಂತವೆಂದೂ ಬಿಟ್ಟಿಯೆಂದೂ ಇಡೀ ಉದ್ಯಮವೇ ಊಹಿಸಿಕೊಂಡಂತಿತ್ತು. ಪರಿಣಾಮವು ಸರಳ: ಮೀನು ಕಡಿಮೆಯಾದರೂ ಕಂತು ಕಡಿಮೆಯಾಗುವುದಿಲ್ಲ. ಕಂತು ಕಟ್ಟಲು ಬೋಟಿನವನು ಹೆಚ್ಚು ದೂರ ಹೋಗುತ್ತಾನೆ, ಹೆಚ್ಚು ದಿನ ನಿಲ್ಲುತ್ತಾನೆ, ಬಲೆಯ ಕಣ್ಣು ಚಿಕ್ಕದು ಮಾಡುತ್ತಾನೆ, ಆರು ಕಿಲೋಮೀಟರಿನೊಳಕ್ಕೂ ನುಸುಳುತ್ತಾನೆ. ಅವನನ್ನು ದುರಾಸೆಯವನೆಂದು ಬಯ್ಯುವುದು ಸುಲಭ. ಅವನ ಪಾಸ್‌ಪುಸ್ತಕ ನೋಡಿದವನಿಗೆ ಅಷ್ಟು ಸುಲಭವಲ್ಲ.

ತಿನ್ನಲು ಬಾರದ ಮರಿಗಳಿಗೂ ಈಗ ಗಿರಾಕಿಯಿರುವುದು ಇನ್ನೊಂದು ತೊಡಕು. ಮೀನುಹುಡಿ, ಮೀನೆಣ್ಣೆಯ ಕಾರ್ಖಾನೆಗಳು ಅವನ್ನು ಕೊಂಡು ಕೋಳಿಯ, ಸಾಕಣೆ ಸಿಗಡಿಯ ಆಹಾರವಾಗಿ ಮಾಡುತ್ತವೆ. ಮುಂದಿನ ವರ್ಷ ಬುಟ್ಟಿಗೆ ಸಾವಿರಾರು ರೂಪಾಯಿ ತರಬಹುದಾಗಿದ್ದ ಮರಿ ಈ ವರ್ಷ ಕಿಲೋಗೆ ಕೆಲವು ರೂಪಾಯಿಗೆ ಹೋಗುತ್ತದೆ. ಅವಧಿಗೆ ಮುಂಚೆ ಠೇವಣಿ ಮುರಿದು ದಂಡ ಕಟ್ಟುವವನಿಗೂ ಇಷ್ಟು ನಷ್ಟವಿಲ್ಲ. ಬಲೆಯ ತುದಿಚೀಲದ ಕಣ್ಣಿನ ಆಕಾರ ಬದಲಿಸಿದರೂ ಬಹಳ ಮರಿಗಳು ಉಳಿಯುತ್ತವೆಂದು ತಜ್ಞರು ತೋರಿಸಿಕೊಟ್ಟಿದ್ದಾರೆ. ಸಾಮಾನ್ಯ ಬಲೆಯ ವಜ್ರಾಕಾರದ ಕಣ್ಣು ಎಳೆತಕ್ಕೆ ಸಿಕ್ಕಾಗ ಮುಚ್ಚಿಕೊಳ್ಳುತ್ತದೆ. ಚೌಕಾಕಾರದ ಕಣ್ಣು ತೆರೆದೇ ಇರುತ್ತದೆ, ಮರಿ ಜಾರಿಹೋಗುತ್ತದೆ. ಇಷ್ಟು ಅಗ್ಗದ ಉಪಾಯ ಎಲ್ಲೆಡೆ ಏಕೆ ರೂಢಿಗೆ ಬರಲಿಲ್ಲ? ನಾನೊಬ್ಬನೇ ಚೌಕದ ಕಣ್ಣು ಹಾಕಿದರೆ ನಾನು ಬಿಟ್ಟ ಮರಿಯನ್ನು ನೆರೆಯ ಬೋಟಿನವನು ಹಿಡಿಯುತ್ತಾನೆ, ಅಷ್ಟೇ. ಒಡೆಯನಿಲ್ಲದ ಸೊತ್ತಿನ ಕಥೆ ಯಾವಾಗಲೂ ಹೀಗೆಯೇ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿದ್ವಾಂಸರು ವಾದಿಸಿದರು. ಅವರ ಮಟ್ಟಿಗೆ ಪರಿಹಾರಗಳು ಎರಡೇ: ಸರಕಾರದ ದಂಡ, ಇಲ್ಲವೇ ಖಾಸಗಿ ಒಡೆತನ.

ಮೂರನೆಯದೊಂದು ಇದೆಯೆಂದು ತೋರಿಸಿದವರು ಎಲಿನರ್ ಆಸ್ಟ್ರಮ್. ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ (2009) ಮೊದಲ ಮಹಿಳೆ ಅವರು. ಅವರು ಉದಾಹರಿಸಿದ ಒಂದು ಪ್ರಸಂಗ ತುರ್ಕಿಯ ಅಲಾನ್ಯ ಎಂಬ ಊರಿನ ಸುಮಾರು ನೂರು ಮೀನುಗಾರರದು. ಒಳ್ಳೆಯ ತಾಣಕ್ಕಾಗಿ ದಿನವೂ ಜಗಳವಾಡಿ ಬೇಸತ್ತ ಅವರು ಒಂದು ಕ್ರಮ ಮಾಡಿಕೊಂಡರು. ಪ್ರತಿ ಸೆಪ್ಟೆಂಬರಿನಲ್ಲಿ ಮೀನುಗಾರರ ಪಟ್ಟಿ, ತಾಣಗಳ ಪಟ್ಟಿ. ಚೀಟಿ ಎತ್ತಿ ತಾಣ ಹಂಚಿಕೆ. ದಿನಕ್ಕೊಂದು ತಾಣ ಪೂರ್ವಕ್ಕೆ ಸರಿಯುವುದು, ಜನವರಿಯ ಅನಂತರ ಪಶ್ಚಿಮಕ್ಕೆ. ಎಲ್ಲರಿಗೂ ಒಳ್ಳೆಯ ತಾಣ ಒಮ್ಮೆ ಬರುತ್ತದೆ. ತನ್ನ ಸರದಿಯ ದಿನ ಬೇರೊಬ್ಬನು ಬಂದರೆ ಸರದಿಯವನೇ ಕಾವಲುಗಾರ. ಸರಕಾರದ ಸಿಬ್ಬಂದಿ ಬೇಕಿಲ್ಲ. ತುರ್ಕಿಯವರೆಗೆ ಹೋಗಬೇಕಾದುದೂ ಇಲ್ಲ. ಚೆನ್ನೈಯ ಉತ್ತರಕ್ಕಿರುವ ಪುಲಿಕಾಟ್ ಸರೋವರದಲ್ಲಿ 'ಪಾಡು' ಎಂಬ ಹೆಸರಿನಲ್ಲಿ ಇಂತಹದೇ ಚೀಟಿ-ಸರದಿಯ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಗೃಹಿಣಿಯರ ಚೀಟಿಫಂಡಿಗೂ ಇದಕ್ಕೂ ಅಂತಹ ಅಂತರವೇನಿಲ್ಲ!

ನನಗೆ ಅತ್ಯಂತ ಮೆಚ್ಚುಗೆಯಾದುದು ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಚಿಪ್ಪಿನ ಕಥೆ. ನಮ್ಮ ತುಳುನಾಡಿನವರು ಮರುವಾಯಿ ಎನ್ನುವ ಜಾತಿಯದೇ ವಸ್ತು. ವಿದೇಶದಲ್ಲಿ ಬೇಡಿಕೆ ಹುಟ್ಟಿದ್ದೇ ತಡ, 1991ರ ಹೊತ್ತಿಗೆ ಅಲ್ಲಿ ವರ್ಷಕ್ಕೆ ಸುಮಾರು 10,000 ಟನ್ ಚಿಪ್ಪು ತೆಗೆದರು; ಎರಡೇ ವರ್ಷಗಳಲ್ಲಿ ಅದು ಅರ್ಧಕ್ಕಿಳಿಯಿತು. ಎಚ್ಚೆತ್ತು ವಿಜ್ಞಾನಿಗಳ ಸಲಹೆಯಂತೆ ನಿಯಮ ಮಾಡಿಕೊಂಡರು: ಡಿಸೆಂಬರಿನಿಂದ ಫೆಬ್ರವರಿಯವರೆಗೆ ಚಿಪ್ಪು ಮರಿ ಮಾಡುವ ಕಾಲದಲ್ಲಿ ತೆಗೆಯಬಾರದು, ಬಲೆಯ ಕಣ್ಣು 30 ಮಿಲಿಮೀಟರಿಗೆ ಕಡಿಮೆಯಿರಬಾರದು, ತೀರ ಸಣ್ಣ ಚಿಪ್ಪನ್ನು ರಫ್ತು ಮಾಡಬಾರದು. ರಫ್ತುದಾರನೇ ಸಣ್ಣದನ್ನು ಕೊಳ್ಳದಾದಾಗ ತೆಗೆಯುವವನಿಗೂ ಆಸೆ ಉಳಿಯಲಿಲ್ಲ. ಸುಸ್ಥಿರ ಮೀನುಗಾರಿಕೆಗೆ ನೀಡುವ ಅಂತರರಾಷ್ಟ್ರೀಯ ಪ್ರಮಾಣಪತ್ರವು 2014ರಲ್ಲಿ ಭಾರತದಲ್ಲಿ ಮೊತ್ತಮೊದಲು ದೊರೆತುದು ಯಾವ ದೊಡ್ಡ ಕಂಪನಿಗೂ ಅಲ್ಲ, ಸಣ್ಣ ದೋಣಿಗಳ ಈ ಚಿಪ್ಪುಗಾರಿಕೆಗೆ. ಕುಮಟೆಯ ಬಳಿಯ ನಮ್ಮ ಅಘನಾಶಿನಿ ಅಳಿವೆಯೂ ಚಿಪ್ಪಿಗೆ ಹೆಸರಾದುದು. ಎಷ್ಟೋ ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು ಅದನ್ನು ಆರಿಸಿ ಸಂಸಾರ ನಡೆಸುತ್ತಾರೆ. 2024ರ ಜನವರಿಯಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿಯ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು-ಸಿಗಡಿಯ ಮರಿಗಳು ಅಡಗಿ ಬೆಳೆಯುತ್ತವೆ. ಕಾಂಡ್ಲಾ ಕಡಿದು ದಡಕ್ಕೆ ಮಣ್ಣು ತುಂಬಿಸಿದರೆ ಕಡಲಿನ ಬಾಲವಾಡಿಯನ್ನೇ ಕೆಡವಿದಂತೆ.

ಕಡಲಿಗೆ ರಜೆ ಕೊಡಬೇಕೆನ್ನುವವರು ರಜೆಯ ಸಂಬಳದ ಮಾತನ್ನೂ ಆಡಬೇಕು. ಕೇಂದ್ರದ ಉಳಿತಾಯ-ಪರಿಹಾರ ಯೋಜನೆಯಲ್ಲಿ ಮೀನುಗಾರನು 1,500 ರೂಪಾಯಿ ಕೂಡಿಸಿಟ್ಟರೆ ಸರಕಾರಗಳು 3,000 ಸೇರಿಸಿ, ಒಟ್ಟು 4,500ನ್ನು ದುಡಿಮೆಯಿಲ್ಲದ ಮೂರು ತಿಂಗಳಲ್ಲಿ ಕೊಡುವ ಏರ್ಪಾಡು ಮಾಡಲಾಯಿತು. ತಿಂಗಳಿಗೆ 1,500 ರೂಪಾಯಿಯಲ್ಲಿ ಒಂದು ಸಂಸಾರ ಹೇಗೆ ನಡೆಯುತ್ತದೆಂದು ಈ ಮಹಾನಗರದಲ್ಲಿ ಬಾಡಿಗೆ ಕಟ್ಟುವ ನಾವೇ ಯೋಚಿಸಬೇಕು. 2018-19ರ ಆಯವ್ಯಯದಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನುಗಾರರಿಗೂ ವಿಸ್ತರಿಸಿದುದು ಒಳ್ಳೆಯದಾಯಿತು. ದಲ್ಲಾಳಿಯ ಮುಂಗಡಕ್ಕೆ ಕಟ್ಟುಬಿದ್ದು ಅವನು ಹೇಳಿದ ಬೆಲೆಗೆ ಮೀನು ಕೊಡುವ ಸ್ಥಿತಿ ಅಷ್ಟರ ಮಟ್ಟಿಗೆ ತಪ್ಪಬಹುದು. ಉಡುಪಿಯ ಬ್ಯಾಂಕೊಂದು 1928ರಲ್ಲಿಯೇ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತ್ತು. ದಿನಗೂಲಿಯವರ ಉಳಿತಾಯಕ್ಕೆ ಅದಕ್ಕಿಂತ ಜಾಣ ಉಪಾಯವನ್ನು ನಾನು ಇದುವರೆಗೆ ಕಂಡಿಲ್ಲ. ಆಗಸ್ಟಿನಿಂದ ಮೇ ತಿಂಗಳವರೆಗೆ ಬಂದರಿನಲ್ಲಿಯೇ ಸಂಗ್ರಹಿಸಿ, ಜೂನ್-ಜುಲೈಯಲ್ಲಿ ಹಿಂತಿರುಗಿಸುವ ಪಿಗ್ಮಿಗೆ ಸರಕಾರವು ತನ್ನ ಪಾಲು ಸೇರಿಸಿದರೆ ಹೇಗೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಬೋಟು ಸಾಲದ ಕಂತನ್ನು ಸಹ ಹತ್ತೇ ತಿಂಗಳಿಗೆ ಹೊಂದಿಸುವುದು ನ್ಯಾಯ.

ನಾವು ಇಲ್ಲಿ ಕುಳಿತು ಮಾಡಬಹುದಾದ ಕೆಲಸವೂ ಒಂದಿದೆ. ಕೇರಳವು 2015ರಲ್ಲಿ, ಮಹಾರಾಷ್ಟ್ರವು 2023ರಲ್ಲಿ 54 ಜಾತಿಗಳಿಗೆ, ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದವನ್ನು ಗೊತ್ತುಪಡಿಸಿದವು. ಮಹಾರಾಷ್ಟ್ರದ ರಾಜ್ಯಮೀನೆಂದು ಅದೇ ವರ್ಷ ಘೋಷಿತವಾದ ಪಾಪ್ಲೆಟ್, ಅಂದರೆ ನಮ್ಮ ಮಾಂಜಿ, ಇಲ್ಲಿ 135 ಮಿಲಿಮೀಟರಿಗೆ ಕಡಿಮೆಯಿರಕೂಡದು. ಕೇರಳದ ನಿಯಮದಂತೆ ಬಂಗುಡೆ 14 ಸೆಂಟಿಮೀಟರು, ಬೂತಾಯಿ 10 ಸೆಂಟಿಮೀಟರು ಇರಬೇಕು. ಪೇಟೆಗೆ ಅಳತೆಪಟ್ಟಿ ಒಯ್ದರೆ ಮೀನಿನಾಕೆ ನಕ್ಕಾಳು. ಅಳತೆಪಟ್ಟಿ ನಮ್ಮ ಕಿಸೆಯಲ್ಲಿಯೇ ಇದೆ. ಹೊಸ ಐವತ್ತು ರೂಪಾಯಿ ನೋಟಿನ ಉದ್ದ ಸರಿಯಾಗಿ 135 ಮಿಲಿಮೀಟರು: ಅದಕ್ಕಿಂತ ಚಿಕ್ಕ ಮಾಂಜಿ ಬೇಡವೆನ್ನಿ. ನೇರಿಳೆ ಬಣ್ಣದ ನೂರರ ನೋಟು 142 ಮಿಲಿಮೀಟರು: ಬಂಗುಡೆ ಅದಕ್ಕಿಂತ ಗಿಡ್ಡವಿರಬಾರದು. ಹತ್ತರ ಹೊಸ ನೋಟು 123 ಮಿಲಿಮೀಟರು: ಬೂತಾಯಿಯನ್ನು ಅದಕ್ಕೆ ಹಿಡಿದು ನೋಡಿದರೆ ಕಾನೂನಿನ ಅಳತೆಗಿಂತ ಎರಡು ಬೆರಳಷ್ಟು ಔದಾರ್ಯ ತೋರಿದಂತಾಗುತ್ತದೆ. ಮೊಟ್ಟೆಯಿಡುವಷ್ಟು ಬಲಿತ ಬೂತಾಯಿ ಸುಮಾರು 15 ಸೆಂಟಿಮೀಟರಿನದು, ಐನೂರರ ನೋಟಿನ ಉದ್ದ. ನೋಟನ್ನು ಮಾತ್ರ ಒದ್ದೆ ಕೈಯಲ್ಲಿ ಹಿಡಿಯದಿರಿ. ಅದು ಮರುದಿನ ನಮ್ಮ ಕೌಂಟರಿಗೇ ಬರುತ್ತದೆ.